ರಾತ್ರಿ ಬೆಕ್ಕನ್ನು ಹೊರಗೆ ಬಿಡೋದಾ, ಬೇಡ್ವಾ: ನಮ್ಮ ಮನೆಯಲ್ಲಿ ತೀರ್ಮಾನ ಆದ ಬಗೆ

ಬೆಕ್ಕು ಸಾಕಿದ ಮನೆಗಳಲ್ಲಿ ಇದೊಂದು ಮುಗಿಯದ ಚರ್ಚೆ. ಕತ್ತಲಾಗುತ್ತಿದ್ದ ಹಾಗೆ ಅದು ಹೋಗಿ ಬಾಗಿಲ ಮುಂದೆ ಕೂರುತ್ತದೆ. ಬಿಟ್ಟರೆ ಚಿಂತೆಯಲ್ಲಿ ನಮಗೆ ನಿದ್ದೆ ಇಲ್ಲ. ಬಿಡದಿದ್ದರೆ ಅದರ ಕೂಗಿಗೆ ನಿದ್ದೆ ಇಲ್ಲ. ನಮ್ಮ ಮನೆಯಲ್ಲಿ ಈ ಮಾತು ತಿಂಗಳುಗಟ್ಟಲೆ ನಡೆದು ಈಗಷ್ಟೇ ಒಂದು ಹಂತಕ್ಕೆ ಬಂದಿದೆ. ನಮ್ಮ ಎರಡೂ ಬೆಕ್ಕುಗಳು ಈಗ ರಾತ್ರಿ ಒಳಗೇ ಇರುತ್ತವೆ. ಅಲ್ಲಿಗೆ ಬರುವಷ್ಟರಲ್ಲಿ ಏನೇನಾಯಿತು, ಯಾವುದಕ್ಕೆ ಕಾಯಬೇಕಾಯಿತು, ಯಾವ ಕಾಗದ ಕೇಳಿದರು ಅನ್ನೋದನ್ನೆಲ್ಲ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿ ಇರುವವರಿಗೆ ಸ್ವಲ್ಪ ಅಲೆದಾಟ ತಪ್ಪಿದರೂ ಸಾಕು.

ಕರಿಯ ಗಂಡು. ಬೀದಿಯಲ್ಲಿ ಬೆಳೆದು, ದೊಡ್ಡವನಾದ ಮೇಲೆ ತಾನಾಗಿಯೇ ನಮ್ಮ ಮನೆ ಸೇರಿದವನು. ಚಿನ್ನಿ ಕಣ್ಣು ಬಿಟ್ಟಾಗಿನಿಂದ ಮನೆಯೊಳಗೇ ಇದ್ದವಳು. ಹೊರಗಿನದನ್ನು ಅವಳು ಕಿಟಕಿಯಿಂದ ನೋಡಿದ್ದಷ್ಟೇ. ಇಬ್ಬರಿಗೂ ಮರಿ ಆಗದ ಹಾಗೆ ಆಪರೇಷನ್ ಮುಗಿದಿತ್ತು. ನಿಮ್ಮ ಬೆಕ್ಕಿಗೆ ಅದು ಆಗಿಲ್ಲ ಅಂದರೆ ಹೊರಗೆ ಬಿಡುವ ಮಾತು ಆಮೇಲೆ, ಮೊದಲು ಆಪರೇಷನ್ ಮಾಡಿಸಿ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ನಿಂತರೆ ಸುಮಾರು ಒಂಬತ್ತು ವಾರಕ್ಕೆ ಮರಿ. ಗಂಡು ಆದರೆ ಹೆಣ್ಣು ಹುಡುಕಿಕೊಂಡು ದೂರ ಹೋಗುತ್ತದೆ, ಹೋದ ಕಡೆಯೆಲ್ಲ ಕಚ್ಚಾಡುತ್ತದೆ.

ಕರಿಯನ ರಾತ್ರಿ ಸುತ್ತಾಟದ ಬಗ್ಗೆ ಮನೆಯಲ್ಲಿ ಎರಡು ಮಾತು. "ಬೆಕ್ಕು ಅಂದ್ರೆ ರಾತ್ರಿ ತಿರುಗೋ ಜಾತಿ ಕಣಮ್ಮಾ. ಕೂಡಿ ಹಾಕಿದ್ರೆ ಕೊರಗುತ್ತೆ" ಅನ್ನುತ್ತಿದ್ದರು ನಮ್ಮ ಅತ್ತೆ. ನಮ್ಮೆಜಮಾನರಿಗೆ ರಸ್ತೆಯ ಭಯ. ನಾನು ಇಬ್ಬರ ಮಾತಿಗೂ ತಲೆಯಾಡಿಸುತ್ತಿದ್ದೆ, ಯಾಕಂದರೆ ಇಬ್ಬರ ಮಾತಲ್ಲೂ ಸತ್ಯ ಇತ್ತು. ಬೆಕ್ಕಿಗೆ ನೋಡಲು ನಮಗೆ ಬೇಕಾದ ಬೆಳಕಿನ ಆರನೇ ಒಂದು ಭಾಗ ಸಾಕು. ಕಣ್ಣಿನ ಹಿಂದಿರುವ ಹೊಳೆಯುವ ಪದರ ಸಿಕ್ಕಿದ ಬೆಳಕನ್ನು ಇನ್ನೊಮ್ಮೆ ಒಳಗೇ ತಿರುಗಿಸುತ್ತದೆ. ಕತ್ತಲಲ್ಲಿ ಓಡಾಡಲು ಅದಕ್ಕೇನೂ ಕಷ್ಟ ಇಲ್ಲ. ಆದರೆ ಬೆಕ್ಕು ನಡುರಾತ್ರಿಯ ಪ್ರಾಣಿ ಅನ್ನೋದು ಪೂರ್ತಿ ಸರಿಯಲ್ಲ. ಅದರ ಚುರುಕು ಜಾಸ್ತಿ ಇರುವುದು ಮುಸ್ಸಂಜೆಯಲ್ಲಿ ಮತ್ತು ಬೆಳಗಿನ ಜಾವದಲ್ಲಿ. ಈ ವಿಷಯ ನೆನಪಲ್ಲಿಡಿ, ಮುಂದೆ ನಮಗೆ ಉಪಯೋಗಕ್ಕೆ ಬಂದಿದ್ದು ಇದೇ.

ವಾದದಲ್ಲಿ ಏನೂ ಬಗೆಹರಿಯದೆ ಪಶುವೈದ್ಯರ ಹತ್ತಿರ ಹೋದೆವು. ಅವರು ಬಿಡಿ ಅಂತಲೂ ಅನ್ನಲಿಲ್ಲ, ಬಿಡಬೇಡಿ ಅಂತಲೂ ಅನ್ನಲಿಲ್ಲ. ಮೊದಲು ಲಸಿಕೆ ಕಾರ್ಡ್ ಕೇಳಿದರು. ಆಪರೇಷನ್ ಆದ ಚೀಟಿ ಕೇಳಿದರು. ಮೈಕ್ರೋಚಿಪ್ ಇದೆಯಾ ಅಂತ ಕೇಳಿದರು. "ನೋಡಿ, ಹೊರಗೆ ಹೋಗೋ ಬೆಕ್ಕಿನ ಲೆಕ್ಕವೇ ಬೇರೆ. ರೇಬೀಸ್ ಮತ್ತು ಮಾಮೂಲಿ ಲಸಿಕೆ ಜೊತೆಗೆ ಲ್ಯುಕೇಮಿಯಾ ವೈರಸ್‌ದೂ ಬೇಕಾಗುತ್ತೆ" ಅಂದರು. ಅದು ಬೆಕ್ಕಿಂದ ಬೆಕ್ಕಿಗೆ ಎಂಜಲಿನಿಂದಲೂ ಹರಡುವ, ರಕ್ತದ ಕ್ಯಾನ್ಸರ್ ತರಬಲ್ಲ ವೈರಸ್. ಆ ಲಸಿಕೆಗೆ ಮುಂಚೆ ರಕ್ತ ಪರೀಕ್ಷೆ. ಆಮೇಲೆ ಎರಡು ಡೋಸ್, ನಡುವೆ ಮೂರರಿಂದ ನಾಲ್ಕು ವಾರ. ಒಂದು ಡೋಸ್ ಬಿತ್ತು ಅಂತ ಬಾಗಿಲು ತೆಗೆಯುವ ಹಾಗಿಲ್ಲ. ಕರಿಯನ ಮೊದಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಲಸಿಕೆಯೂ ಆಯಿತು.

ಚಿಪ್ ಹಾಕಿದ್ದು ಅದೇ ಹೊತ್ತಲ್ಲಿ. ಅಕ್ಕಿ ಕಾಳಿನಷ್ಟು ಸಣ್ಣದು, ಹೆಗಲ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಬಿಡುತ್ತಾರೆ. ಚಿಪ್ ಇದ್ದರೆ ಬೆಕ್ಕು ಎಲ್ಲಿದೆ ಅಂತ ಫೋನಲ್ಲಿ ಕಾಣುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಅದರಲ್ಲಿ ಇರುವುದು 15 ಅಂಕಿಯ ಒಂದು ನಂಬರ್ ಮಾತ್ರ. ಯಾರಾದರೂ ಬೆಕ್ಕನ್ನು ಹಿಡಿದು ಸ್ಕ್ಯಾನರ್ ಹಿಡಿದಾಗ ಆ ನಂಬರ್ ಬರುತ್ತದೆ. ಆ ನಂಬರ್ ಜೊತೆ ನಿಮ್ಮ ಫೋನ್ ನಂಬರ್ ನೋಂದಾಯಿಸಿರದಿದ್ದರೆ ಚಿಪ್ ಇದ್ದೂ ಉಪಯೋಗ ಇಲ್ಲ. ನೋಂದಣಿ ಕಾಗದವನ್ನು ಲಸಿಕೆ ಕಾರ್ಡ್ ಜೊತೆಯಲ್ಲೇ ಇಡಿ. ಫೋನ್ ನಂಬರ್ ಬದಲಾದರೆ ಅಲ್ಲೂ ಬದಲಾಯಿಸಿ.

"ಅವನು ಹೋಗೋದೆಲ್ಲಿಗೆ ಅಂತಲೇ ಗೊತ್ತಿಲ್ದೆ ಎಷ್ಟು ಮಾತಾಡಿದ್ರೂ ಸುಮ್ನೆ" ಅಂತ ಹೇಳಿ ನಮ್ಮೆಜಮಾನರು ಒಂದು ಜಿಪಿಎಸ್ ಟ್ರ್ಯಾಕರ್ ತಂದರು. ಕರಿಯನ ಕೊರಳಿಗೆ ಹಾಕಿದೆವು. ಕಾಲರ್ ಮಾತ್ರ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂಥದ್ದೇ ಇರಬೇಕು. ಗಟ್ಟಿ ಬಕಲ್ ಇರೋದನ್ನು ಹಾಕಿದರೆ ಬೇಲಿಯಲ್ಲೋ ಕೊಂಬೆಯಲ್ಲೋ ನೇತಾಡುವ ಅಪಾಯ ಇದೆ. ಟ್ರ್ಯಾಕರ್‌ಗೆ ಚಾರ್ಜ್ ಮಾಡುತ್ತಿರಬೇಕು, ಪ್ರತಿ ತಿಂಗಳು ಚಂದಾ ಕೂಡ ಇರುತ್ತದೆ. ಕೊಳ್ಳುವ ಮುಂಚೆ ಅದನ್ನು ಕೇಳಿಕೊಳ್ಳಿ.

ಫೋನಿನ ನಕ್ಷೆ ನೋಡಿ ಅತ್ತೆಗೂ ಆಶ್ಚರ್ಯ. ಹಗಲಲ್ಲಿ ಕರಿಯ ನಮ್ಮ ಕಾಂಪೌಂಡು, ಪಕ್ಕದ ಗೋಡೆ ಬಿಟ್ಟು ಕದಲುತ್ತಿರಲಿಲ್ಲ. ರಾತ್ರಿ ಮಾತ್ರ ಹಿಂದಿನ ರಸ್ತೆ ದಾಟಿ ಆಚೆ ಕಡೆ ಕಸದ ಡಬ್ಬಿಗಳ ಸುತ್ತ ಇರುತ್ತಿದ್ದ. ಒಂದೇ ರಾತ್ರಿಯಲ್ಲಿ ಆ ರಸ್ತೆಯನ್ನು ಹೋಗುತ್ತಾ ಬರುತ್ತಾ ಮತ್ತೆ ಮತ್ತೆ ದಾಟಿದ ಗೆರೆಗಳು. ಆರು ದೇಶಗಳ 925 ಬೆಕ್ಕುಗಳಿಗೆ ಹೀಗೆ ಜಿಪಿಎಸ್ ಹಾಕಿ ನೋಡಿದ ಅಧ್ಯಯನ 2020ರಲ್ಲಿ ಬಂದಿದೆ. ಹೆಚ್ಚಿನ ಬೆಕ್ಕುಗಳು ಮನೆಯಿಂದ 100 ಮೀಟರ್ ಒಳಗೇ ಹೆಚ್ಚು ಹೊತ್ತು ಕಳೆಯುತ್ತಿದ್ದವಂತೆ. ನಮ್ಮವನೂ ಹಾಗೇ, ದೂರವೇನೂ ಹೋಗುತ್ತಿರಲಿಲ್ಲ. ಆದರೆ ನಮ್ಮ ಮನೆಯ 100 ಮೀಟರ್ ಒಳಗೇ ವಾಹನ ಜೋರಾಗಿ ಓಡಾಡುವ ರಸ್ತೆ ಇದೆ. ರಾತ್ರಿ ಓಡಿಸುವವರಿಗೆ ಕಪ್ಪು ಬೆಕ್ಕು ಕಾಣುವುದಿಲ್ಲ. ಹೆಡ್‌ಲೈಟ್ ಕಣ್ಣಿಗೆ ಹೊಡೆದಾಗ ಎಷ್ಟೋ ಬೆಕ್ಕುಗಳು ಓಡುವ ಬದಲು ಅಲ್ಲೇ ನಿಂತುಬಿಡುತ್ತವೆ. ಆ ಗೆರೆಗಳನ್ನು ನೋಡಿದ ಮೇಲೆ ನನಗೆ ನೆಮ್ಮದಿ ಹೋಯಿತು. ಟ್ರ್ಯಾಕರ್ ಅವನು ಎಲ್ಲಿದ್ದಾನೆ ಅಂತ ಹೇಳುತ್ತದೆ. ಅವನನ್ನು ಉಳಿಸುವುದಿಲ್ಲ ಅಲ್ವಾ.

ಅಷ್ಟಾದರೂ ಅತ್ತೆ ಒಪ್ಪಲಿಲ್ಲ. "ಬೀದಿಯಲ್ಲೇ ಬೆಳೆದವನು, ಅವನಿಗೆ ಗೊತ್ತಿಲ್ವಾ ರಸ್ತೆ ದಾಟೋದು" ಅನ್ನೋದು ಅವರ ಮಾತು. ಚರ್ಚೆ ಮತ್ತೆ ಅಲ್ಲೇ ನಿಂತಿತು. ಅಷ್ಟರಲ್ಲಿ ಆ ಗಾಯ ಆಯಿತು.

ಒಂದು ಬೆಳಗ್ಗೆ ಬಂದವನು ಊಟ ಮಾಡಿ ಮಲಗಿದ. ಮೈಮೇಲೆ ಏನೂ ಕಾಣಲಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಊಟ ಬಿಟ್ಟ. ಮಂಚದ ಕೆಳಗೆ ಸೇರಿದವನು ಹೊರಗೇ ಬರಲಿಲ್ಲ. ಎತ್ತಿಕೊಳ್ಳಲು ಕೈ ಹಾಕಿದರೆ ಬಾಲದ ಬುಡದ ಹತ್ತಿರ ಬಿಸಿಬಿಸಿ ಊತ. ಮುಟ್ಟಿದ ಕೂಡಲೇ ಗುರ್ ಅಂದ. ಡಾಕ್ಟರ್ ಜ್ವರ ನೋಡಿದರು. ಬೆಕ್ಕಿಗೆ 38ರಿಂದ 39 ಡಿಗ್ರಿ ಸೆಲ್ಸಿಯಸ್ ಮಾಮೂಲಿ, ಇವನದು 40 ದಾಟಿತ್ತು. ಊತದ ಮೇಲಿನ ಕೂದಲು ಬೋಳಿಸಿದಾಗ ಕಂಡಿದ್ದು ಗುಂಡುಸೂಜಿ ಚುಚ್ಚಿದಂಥ ಎರಡು ತೂತು. ಎರಡೂ ಒಣಗಿ ಮುಚ್ಚಿಕೊಂಡಿದ್ದವು. "ಬೆಕ್ಕಿನ ಹಲ್ಲು ಸಣ್ಣ, ಚೂಪು. ಆಳಕ್ಕೆ ಇಳಿಯುತ್ತೆ. ಮೇಲಿನ ಚರ್ಮ ಬೇಗ ಕೂಡಿಕೊಂಡುಬಿಡುತ್ತೆ, ಬಾಯಲ್ಲಿದ್ದ ಬ್ಯಾಕ್ಟೀರಿಯಾ ಒಳಗೇ ಉಳಿದು ಕೀವಾಗುತ್ತೆ" ಅಂತ ಹೇಳಿ, ಮಂಪರು ಬರಿಸಿ, ಚಿಕ್ಕದಾಗಿ ಕೊಯ್ದರು. ಹಸಿರು ಮಿಶ್ರಿತ ಹಳದಿ ಕೀವು ಹರಿದು ಬಂತು. ಆ ವಾಸನೆ ಕೋಣೆ ತುಂಬ ಹರಡಿತು. ತೊಳೆದು, ಆಂಟಿಬಯೋಟಿಕ್ ಕೊಟ್ಟು, ನೆಕ್ಕದ ಹಾಗೆ ಕೊರಳಿಗೆ ಕೋನ್ ಹಾಕಿ ಕಳಿಸಿದರು.

ಹೊರಡುವಾಗ ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಎದುರು ನಿಂತು ಕಾದಾಡಿದ ಬೆಕ್ಕಿಗೆ ಗಾಯ ಆಗುವುದು ಮುಖಕ್ಕೆ, ಮುಂಗಾಲಿಗೆ. ಬಾಲದ ಬುಡದಲ್ಲಿ ಕಚ್ಚಿದೆ ಅಂದರೆ ಅದು ತಪ್ಪಿಸಿಕೊಂಡು ಓಡುತ್ತಿತ್ತು ಅಂತ. ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ಅವರು ಕರಿಯನ ತಲೆ ಸವರುತ್ತಾ ತುಂಬ ಹೊತ್ತು ಮಾತಾಡಲಿಲ್ಲ. "ಇವನು ಅಲ್ಲಿ ಹೆದರಿಕೊಂಡೇ ಇರ್ತಿದ್ದನಾ?" ಅಂತ ಕೇಳಿದರು. ನಮ್ಮ ಮನೆಯಲ್ಲಿ ತೀರ್ಮಾನ ಆಗಿದ್ದು ಆ ಪ್ರಶ್ನೆಯಿಂದ ಅಂತಲೇ ನಾನು ಅಂದುಕೊಂಡಿದ್ದೇನೆ.

ಖರ್ಚಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಲಸಿಕೆ, ಚಿಪ್, ಟ್ರ್ಯಾಕರ್ ಎಲ್ಲ ಸೇರಿದ್ದಕ್ಕಿಂತ ಈ ಒಂದು ಗಾಯಕ್ಕೆ ಆದ ಖರ್ಚೇ ಜಾಸ್ತಿ. ಊತ ಕಂಡ ದಿನವೇ ಹೋದರೆ ಸುಲಭದಲ್ಲಿ ಮುಗಿಯುತ್ತದೆ, ಹಾಗಾಗಿ ಹೊರಗೆ ಹೋಗಿ ಬರುವ ಬೆಕ್ಕಿನ ಮೈಯನ್ನು ದಿನಾ ಕೈಯಾಡಿಸಿ ನೋಡಿ. ಕೂದಲ ಕೆಳಗಿನ ತೂತು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ.

ಕಚ್ಚಿದ್ದು ಯಾವ ಪ್ರಾಣಿ ಅಂತ ನಾವು ಕಂಡಿರಲಿಲ್ಲ. ಆದ್ದರಿಂದ ರೇಬೀಸ್ ಪ್ರಶ್ನೆ ಬಂತು. ಆಗ ಕೈಹಿಡಿದಿದ್ದು ಲಸಿಕೆ ಕಾರ್ಡ್. ಅವಧಿ ಮೀರಿರಲಿಲ್ಲವಾದ್ದರಿಂದ ಒಂದು ಬೂಸ್ಟರ್ ಕೊಟ್ಟು, ಮನೆಯಲ್ಲೇ ಕಣ್ಣಿಟ್ಟಿರಿ ಅಂದರು. ಕಾರ್ಡ್ ಇಲ್ಲದವರ ಪಾಡು ಬಹಳ ಕಷ್ಟ ಆಗುತ್ತದೆ. ಇಂಥ ಬೆಕ್ಕಿಗೆ ಔಷಧಿ ಹಾಕುವಾಗ ನಿಮ್ಮ ಕೈಗೆ ಪರಚಿದರೆ ಅಥವಾ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರಿಗೆ ತೋರಿಸಿ. ಆಮೇಲೆ ನೋಡೋಣ ಅಂತ ಬಿಡಬೇಡಿ.

ಇನ್ನು ಎಫ್‌ಐವಿ. ಇದು ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ, ಬೆಕ್ಕಿಂದ ಬೆಕ್ಕಿಗೆ ಮುಖ್ಯವಾಗಿ ಆಳವಾದ ಕಡಿತದಿಂದ ಹರಡುವ ವೈರಸ್. ಮನುಷ್ಯರಿಗೆ ಬರುವುದಿಲ್ಲ. ತೊಂದರೆ ಏನಂದರೆ, ಕಚ್ಚಿಸಿಕೊಂಡ ಮರುದಿನ ಪರೀಕ್ಷೆ ಮಾಡಿಸಿದರೆ ಏನೂ ಕಾಣುವುದಿಲ್ಲ. ಲ್ಯುಕೇಮಿಯಾ ವೈರಸ್‌ಗೆ ಕನಿಷ್ಠ 30 ದಿನ, ಎಫ್‌ಐವಿಗೆ 60 ದಿನ ಕಳೆದ ಮೇಲೆ ಮತ್ತೆ ನೋಡಬೇಕು. ಎರಡೂ ಮುಗಿಯುವವರೆಗೆ ಕರಿಯ ಹೊರಗೆ ಹೋಗುವಂತಿಲ್ಲ, ಮೊದಲನೆಯದು ಮುಗಿಯುವವರೆಗೆ ಚಿನ್ನಿಯ ತಟ್ಟೆಯಲ್ಲಿ ತಿನ್ನುವಂತಿಲ್ಲ. ಬೀದಿಯಲ್ಲಿ ಬೆಳೆದವನನ್ನು ಎರಡು ತಿಂಗಳು ಮನೆಯೊಳಗೇ ಇಡಬೇಕಾಯಿತು. ಈ ಕಾಯುವಿಕೆ ಬಹಳ ಕಷ್ಟದ್ದು. ಅವನು ಸೀನಿದರೂ ನನಗೆ ಎದೆ ಧಸಕ್ ಅನ್ನುತ್ತಿತ್ತು.

ಆದರೆ ಆ ಅವಧಿಯಲ್ಲೇ ನಾವು ಒಳಗೆ ಇಡುವುದನ್ನು ಕಲಿತೆವು.

ಮೊದಲ ವಾರ ಕೂಗು. ಕತ್ತಲಾದ ಮೇಲೆ ಶುರು ಮಾಡಿದರೆ ಬಾಗಿಲು ಪರಚುತ್ತಾ, ಹ್ಯಾಂಡಲ್ ಹಿಡಿದು ಜೋತಾಡುತ್ತಾ, ಕೇಳುವವರ ಕರುಳು ಚುರ್ ಅನ್ನುವ ಹಾಗೆ ಕೂಗುತ್ತಿದ್ದ. ಕಿವಿಗೊಡದೆ ಇದ್ದರೆ ಕಡಿಮೆ ಆಗುತ್ತದೆ ಅಂತ ಹೇಳುತ್ತಾರೆ. ನಿಜ, ಆದರೆ ಕಡಿಮೆ ಆಗುವ ಮುಂಚೆ ಜಾಸ್ತಿ ಆಗುತ್ತದೆ. ಅದನ್ನು ಯಾರೂ ಹೇಳುವುದಿಲ್ಲ. ಆ ಹೊತ್ತಲ್ಲಿ ಸೋತು ಒಮ್ಮೆ ಬಾಗಿಲು ತೆಗೆದರೆ, ಇಷ್ಟು ಕೂಗಿದರೆ ಬಾಗಿಲು ತೆರೆಯುತ್ತದೆ ಅಂತ ಬೆಕ್ಕು ಕಲಿಯುತ್ತದೆ. ನೆರೆಯವರಿಗೆ ಮೊದಲೇ ಹೇಳಿದ್ದರಿಂದ ಅವರು ಸಹಿಸಿಕೊಂಡರು. ನೀವೂ ಹೇಳಿಡಿ.

ಸುಮ್ಮನೆ ಬಾಗಿಲು ಹಾಕಿದ್ದರೆ ನಾವು ಗೆಲ್ಲುತ್ತಿರಲಿಲ್ಲ. ಮುಸ್ಸಂಜೆಯ ಚುರುಕಿಗೆ ನಾವು ಒಳಗೇ ಕೆಲಸ ಕೊಟ್ಟೆವು. ಕತ್ತಲಾಗುವ ಹೊತ್ತಿಗೆ ಕೋಲಿನ ತುದಿಗೆ ಗರಿ ಕಟ್ಟಿದ ಆಟಿಕೆ ಹಿಡಿದು ನಾನು ಇಲ್ಲವೇ ನಮ್ಮೆಜಮಾನರು ಅವನ ಜೊತೆ ಕೂರುತ್ತೇವೆ. ಗರಿ ಸೋಫಾದ ಕೆಳಗೆ ಅರ್ಧ ಸರಿಯಬೇಕು, ನಿಲ್ಲಬೇಕು, ಮತ್ತೆ ಸರಿಯಬೇಕು. ಕರಿಯ ನೆಲಕ್ಕೆ ಒತ್ತಿಕೊಂಡು, ಹಿಂಗಾಲು ಎರಡನ್ನೂ ತುಳಿದು ತುಳಿದು, ನೆಗೆಯುತ್ತಾನೆ. ಕೊನೆಯಲ್ಲಿ ಅವನಿಗೆ ಸಿಗಲು ಬಿಡಬೇಕು. ಸಿಕ್ಕ ಕೂಡಲೇ ದಿನದ ದೊಡ್ಡ ಊಟ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ. ಬೆಕ್ಕಿನ ದಿನ ಇದೇ ಕ್ರಮದಲ್ಲಿ ನಡೆಯುತ್ತದೆ. ಲೇಸರ್ ಬೆಳಕಲ್ಲಿ ಆಡಿಸಿದಾಗ ಕೈಗೇನೂ ಸಿಗದೆ ಅವನು ಇನ್ನಷ್ಟು ಕೆರಳುತ್ತಿದ್ದ, ಅದನ್ನು ಬಿಟ್ಟೆವು.

ಈ ಆಟದಿಂದ ಹೊರಗಿನ ಬೇಟೆಯೂ ಕಡಿಮೆ ಆಗುತ್ತದೆ ಅನ್ನೋದನ್ನು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ತೋರಿಸಿದ್ದಾರೆ. ದಿನಕ್ಕೆ 5ರಿಂದ 10 ನಿಮಿಷ ಆಡಿಸಿದ ಬೆಕ್ಕುಗಳು ಮನೆಗೆ ತರುವ ಬೇಟೆ 25 ಶೇಕಡಾ ಇಳಿಯಿತು. ಮಾಂಸದ ಪ್ರೋಟೀನ್ ಜಾಸ್ತಿ ಇರುವ ಆಹಾರ ಕೊಟ್ಟಾಗ 36 ಶೇಕಡಾ ಇಳಿಯಿತು. ಗೆಜ್ಜೆ ಕಟ್ಟಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕರಿಯ ಹೊರಗೆ ಹೋಗುತ್ತಿದ್ದಾಗ ರೆಕ್ಕೆ ಬಲಿಯದ ಹಕ್ಕಿ ಮರಿಯೊಂದನ್ನು ತಂದು ಬಾಗಿಲಲ್ಲಿ ಇಟ್ಟಿದ್ದ. ಇನ್ನೂ ಉಸಿರಾಡುತ್ತಿತ್ತು. ಅದು ನನ್ನ ಮನಸ್ಸಲ್ಲಿ ಹಾಗೇ ಉಳಿದಿದೆ. ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಅಂತ 2013ರ ಅಂದಾಜು ಒಂದಿದೆ. ಅದರಲ್ಲಿ ದೊಡ್ಡ ಪಾಲು ಯಾರೂ ಸಾಕದ ಬೆಕ್ಕುಗಳದ್ದು, ನಿಜ. ಆದರೂ ಸಾಕಿದವರ ಪಾಲೂ ಇದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರ ನಂತರ ಹುಟ್ಟಿದ ಬೆಕ್ಕುಗಳನ್ನು ಹಗಲು ರಾತ್ರಿ ಮನೆಯ ಎಲ್ಲೆಯೊಳಗೇ ಇಡಬೇಕು ಅನ್ನುವ ಕಾನೂನೇ ಇದೆ. ರಾತ್ರಿ ಮಾತ್ರ ಒಳಗಿಟ್ಟರೆ ಇಲಿ, ಸುಂಡಿಲಿಯಂಥವು ಬದುಕುತ್ತವೆ, ಹಕ್ಕಿಗಳಿಗೆ ಅಷ್ಟು ಪ್ರಯೋಜನ ಇಲ್ಲ. ಹಕ್ಕಿಗಳು ನೆಲಕ್ಕಿಳಿದು ಮೇಯುವುದು ಬೆಳಗಿನ ಹೊತ್ತು. ಹಾಗಾಗಿ ಬಿಸಿಲು ಏರುವವರೆಗೂ ನಾವು ಬಾಗಿಲು ತೆಗೆಯುವುದಿಲ್ಲ.

ನಾವು ಎಣಿಸದೇ ಇದ್ದ ತೊಡಕು ಬಂದಿದ್ದು ಲಿಟರ್ ಟ್ರೇಯಿಂದ, ಅಂದರೆ ಬೆಕ್ಕು ಮಲಮೂತ್ರ ಮಾಡಲು ಲಿಟರ್ ಅನ್ನುವ ಹೀರುವ ಪುಡಿ ತುಂಬಿಡುವ ತಟ್ಟೆಯಿಂದ. ಕರಿಯನಿಗೆ ಮಣ್ಣು ಗೊತ್ತು, ಟ್ರೇ ಗೊತ್ತಿಲ್ಲ. ಮೊದಲು ಕಾಲೊರಸಿನ ಮೇಲೆ ಮಾಡಿದ. ಟ್ರೇಯಲ್ಲಿ ಅಂಗಳದ ಮಣ್ಣನ್ನೇ ಹಾಕಿ, ದಿನಾ ಸ್ವಲ್ಪ ಸ್ವಲ್ಪ ಲಿಟರ್ ಬೆರೆಸುತ್ತಾ ಹೋದಾಗ ಒಗ್ಗಿದ. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಹೆಚ್ಚಿಗೆ ಇಡಿ, ಎಲ್ಲವನ್ನೂ ಒಂದೇ ಮೂಲೆಯಲ್ಲಿ ಇಡಬೇಡಿ. ಇನ್ನೊಂದು ಮುಖ್ಯ ವಿಷಯ. ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ಕೂತು ಮೂತ್ರ ಬಾರದೆ ಒದ್ದಾಡುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಒಳಗೆ ಕೂಡಿಹಾಕಿದ ಒತ್ತಡದಿಂದಲೂ ಮೂತ್ರಕೋಶದ ಉರಿ ಬರಬಹುದು ಅಂತ ಡಾಕ್ಟರ್ ಮೊದಲೇ ಎಚ್ಚರಿಸಿದ್ದರು. ನೀರು ಜಾಸ್ತಿ ಹೋಗಲಿ ಅಂತ ನೀರಿನಂಶ ಹೆಚ್ಚಿರುವ ಆಹಾರ ಕೊಡಲು ಶುರು ಮಾಡಿದ್ದು ಅದಕ್ಕೇ.

30 ದಿನದ ಪರೀಕ್ಷೆಯಲ್ಲಿ ಲ್ಯುಕೇಮಿಯಾ ಇಲ್ಲ ಅಂತ ಬಂದ ಮೇಲೆ, ಅವರಿಬ್ಬರನ್ನು ನಿಧಾನವಾಗಿ ಸೇರಿಸಿದೆವು. ಚೆನ್ನಾಗಿಯೇ ಇದ್ದರು. ಒಂದು ರಾತ್ರಿ ಇದ್ದಕ್ಕಿದ್ದಂತೆ ಕರಿಯ ಚಿನ್ನಿಯ ಮೇಲೆ ಬಿದ್ದ. ಕೂದಲು ಹಾರಿತು. ಬಿಡಿಸಲು ದಪ್ಪ ಟವೆಲ್ ಎಸೆಯಬೇಕಾಯಿತು. ಕಾರಣ ಕಿಟಕಿಯ ಆಚೆ ಕೂತಿದ್ದ ಒಂದು ಗಡವ ಬೆಕ್ಕು. ಹೊರಗಿನವನನ್ನು ಹಿಡಿಯಲಾಗದ ಕೋಪವನ್ನು ಪಕ್ಕದಲ್ಲಿ ಇದ್ದವಳ ಮೇಲೆ ತೀರಿಸಿದ್ದ. ಬೆಕ್ಕುಗಳಲ್ಲಿ ಇದು ಸಾಮಾನ್ಯವಂತೆ. ಹೀಗಾದಾಗ ಮಧ್ಯೆ ಕೈ ಹಾಕಬೇಡಿ. ಬೇರೆ ಬೇರೆ ಕೋಣೆಯಲ್ಲಿ ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಊಟದ ನೆಪದಲ್ಲಿ ಸೇರಿಸಿ. ನಾವು ಕಿಟಕಿಯ ಕೆಳಭಾಗದ ಗಾಜಿಗೆ ಮಸುಕು ಹಾಳೆ ಅಂಟಿಸಿದೆವು. ಆಮೇಲೆ ಆ ಜಗಳ ಮರುಕಳಿಸಿಲ್ಲ.

ಒಂದು ಗಾಳಿಯ ರಾತ್ರಿ ಹಿಂಬಾಗಿಲ ಚಿಲಕ ಸಡಿಲಗೊಂಡು ಚಿನ್ನಿ ಹೊರಗೆ ಹೋಗಿಬಿಟ್ಟಳು. ಕರಿಯ ಅಲ್ಲ, ಚಿನ್ನಿ! ನನ್ನ ಕೈಕಾಲು ಆಡಲಿಲ್ಲ. ನಮ್ಮೆಜಮಾನರು ಬೈಕ್ ತೆಗೆದು ರಸ್ತೆಗೆ ಹೊರಟರು, ನಾನು ತಡೆದೆ. ಕಳೆದುಹೋದ ಬೆಕ್ಕುಗಳ ಬಗ್ಗೆ ಓದಿದ್ದು ನೆನಪಿತ್ತು: ಸಿಕ್ಕಿದವುಗಳಲ್ಲಿ ಅರ್ಧದಷ್ಟು ಸಿಗುವುದು ತಪ್ಪಿಸಿಕೊಂಡ ಜಾಗದಿಂದ 50 ಮೀಟರ್ ಒಳಗೆ. ಮನೆಯೊಳಗೇ ಬೆಳೆದ ಬೆಕ್ಕು ಹೆದರಿ ಹತ್ತಿರದಲ್ಲೇ ಅಡಗುತ್ತದೆ, ಕರೆದರೆ ಉತ್ತರವನ್ನೂ ಕೊಡುವುದಿಲ್ಲ. ಟಾರ್ಚ್ ಹಿಡಿದು ನೆಲಕ್ಕೆ ಬಾಗಿ, ನಿಂತ ವಾಹನಗಳ ಕೆಳಗೆ, ಮೆಟ್ಟಿಲ ಕೆಳಗೆ, ಹೂಕುಂಡಗಳ ಹಿಂದೆ ನೋಡುತ್ತಾ ಹೋದೆವು. ನೀರಿನ ತೊಟ್ಟಿಯ ಹಿಂದಿನ ಸಂದಿಯಲ್ಲಿ ಎರಡು ಹಸಿರು ಚುಕ್ಕಿ ಹೊಳೆದವು. ಅತ್ತೆ ಕೂತು, ಅವಳ ಊಟದ ಡಬ್ಬ ಅಲ್ಲಾಡಿಸುತ್ತಾ, ಮೆಲ್ಲಗೆ ಮಾತಾಡುತ್ತಾ ಇದ್ದರು. ಎಷ್ಟೋ ಹೊತ್ತಿಗೆ ಹೊಟ್ಟೆ ನೆಲಕ್ಕೆ ಸವರಿಕೊಂಡು ಬಂದಳು. ಮರುದಿನವೇ ಚಿನ್ನಿಗೂ ಚಿಪ್ ಹಾಕಿಸಿದೆವು. ಹೊರಗೆ ಹೋಗದ ಬೆಕ್ಕಿಗೂ ಅದು ಬೇಕು.

60 ದಿನದ ಪರೀಕ್ಷೆ ಕಳೆದ ವಾರ ಆಯಿತು. ಎಫ್‌ಐವಿ ಇಲ್ಲ. ಆ ಚೀಟಿ ಕೈಗೆ ಬಂದಾಗ ಅತ್ತೆ ಅತ್ತುಬಿಟ್ಟರು, ನಾನೂ ಅತ್ತೆ.

ಈಗ ಕರಿಯ ಬೆಳಗ್ಗೆ ಬಿಸಿಲೇರಿದ ಮೇಲೆ ನಮ್ಮಲ್ಲಿ ಒಬ್ಬರು ಜೊತೆಗಿದ್ದಾಗ ಅಂಗಳಕ್ಕೆ ಹೋಗುತ್ತಾನೆ, ಸೂರ್ಯ ಇಳಿಯುವ ಮುಂಚೆ ಊಟದ ಸದ್ದಿಗೆ ಒಳಗೆ ಬರುತ್ತಾನೆ. ಊಟ ಯಾವಾಗಲೂ ಒಳಗೆ, ಯಾವಾಗಲೂ ಅದೇ ಹೊತ್ತಿಗೆ. ಹಾಗಿದ್ದರೆ ಕರೆಯುವ ಕೆಲಸವೇ ಇರುವುದಿಲ್ಲ. ಬಾಗಿಲ ಹತ್ತಿರ ಕೂರುವುದು ಪೂರ್ತಿ ನಿಂತಿಲ್ಲ. ಕೆಲವು ಸಂಜೆ ಹೋಗಿ ಕೂರುತ್ತಾನೆ, ಗರಿ ತೆಗೆದರೆ ಎದ್ದು ಬರುತ್ತಾನೆ. ಬಿಟ್ಟರೇ ಅದಕ್ಕೆ ಸುಖ ಅಂತ ನಂಬುವವರು ಇದ್ದಾರೆ, ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ವಾಹನವೇ ಇಲ್ಲದ ಕಡೆ, ಬೇರೆ ಬೆಕ್ಕುಗಳ ಕಾಟ ಇಲ್ಲದ ಕಡೆ ಲೆಕ್ಕ ಬೇರೆ ಆಗಬಹುದು. ಅಂಥವರೂ ಬಿಡುವ ಮುಂಚೆ ಆಪರೇಷನ್, ಲಸಿಕೆ, ಚಿಪ್ ಮೂರನ್ನೂ ಮುಗಿಸಿಕೊಳ್ಳಿ. ಬೆಳಗ್ಗೆ ವಾಹನ ಶುರು ಮಾಡುವ ಮುಂಚೆ ಬಾನೆಟ್ ಮೇಲೆ ಒಮ್ಮೆ ತಟ್ಟಿ, ಬೆಚ್ಚಗಿನ ಎಂಜಿನ್ ಹತ್ತಿರ ಬೆಕ್ಕು ಮಲಗಿರುತ್ತದೆ. ಚಿಗಟಕ್ಕೆ ನಾಯಿಯ ಔಷಧಿ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ವಿಷ.

ಬಾಲ್ಕನಿಗೆ ಜಾಲರಿ ಹಾಕಿಸುವ ಕೆಲಸ ಇನ್ನೂ ಬಾಕಿ ಇದೆ. ಅದಾದ ಮೇಲೆ ರಾತ್ರಿ ಇಬ್ಬರೂ ಅಲ್ಲಿ ಗಾಳಿಗೆ ಕೂರಬಹುದು. ಆಗ ಕರಿಯನ ಅಂಗಳದ ಸುತ್ತಾಟ ಬೇಕಾ ಅಂತ ನಮ್ಮೆಜಮಾನರು ಕೇಳುತ್ತಿದ್ದಾರೆ. ಬೇಕು ಅಂತಿದ್ದಾರೆ ಅತ್ತೆ. ನಾನೂ ಈ ಸಲ ಅವರ ಕಡೆಗೇ ಇದ್ದೇನೆ.